ಜೀಪಿನ ಹೊಟ್ಟೆಗೆ ಮೆತ್ತಿದ ಮಣ್ಣು

ಚಿಕ್ಕಪ್ಪನ ಜೀಪು ಹೊರಗಿನಿಂದ ನೋಡಿದರೆ ಮದುವಣಿಗನ ಹಾಗಿತ್ತು. ವಾರಕ್ಕೊಮ್ಮೆ ಪೇಟೆಗೆ ಹೋದಾಗ ವಾಟರ್ ಸರ್ವಿಸ್ ಮಾಡಿಸುತ್ತಿದ್ದರು. ಬಾನೆಟ್ಟಿಗೆ ಪಾಲಿಶ್, ಟೈರಿಗೆ ಕಪ್ಪು ಬಣ್ಣ, ಸೀಟಿಗೆ ಹೊಸ ರೆಕ್ಸಿನ್. ಅಂಥ ಜೀಪಿನ ಚಾಸಿ, ಅಂದರೆ ಇಡೀ ಗಾಡಿಯನ್ನು ಹೊತ್ತಿರುವ ಕಬ್ಬಿಣದ ಚೌಕಟ್ಟು, 2019ರ ನವೆಂಬರಿನಲ್ಲಿ ಹಿಂದಿನ ಎಡಗಡೆ ಸ್ಪ್ರಿಂಗ್ ಕೂರುವ ಜಾಗದಲ್ಲಿ ಸೀಳಿಹೋಯಿತು. ಹತ್ತು ಮೂಟೆ ಗೊಬ್ಬರ ಹೇರಿಕೊಂಡು ತೋಟದ ಏರು ಹತ್ತುತ್ತಿದ್ದಾಗ. ಯಾರಿಗೂ ಪೆಟ್ಟಾಗಲಿಲ್ಲ, ಅದೇ ಪುಣ್ಯ.

ವೆಲ್ಡಿಂಗ್ ಅಂಗಡಿಯವರು ಕೆಳಗೆ ಮಲಗಿ, ಸೀಳಿದ ಜಾಗದ ಪಕ್ಕದಲ್ಲೇ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿದರು. ಹಪ್ಪಳಕ್ಕೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಆ ತೂತಿನಿಂದ ಒಂದು ಹಿಡಿ ಕೆಂಪು ಮಣ್ಣು ಉದುರಿತು. ಚಿಕ್ಕಪ್ಪ ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತರು. ಮಳೆ ನಿಂತು ಮೂರು ವಾರ ಆಗಿತ್ತು. ಅಂಗಳದಲ್ಲಿ ಧೂಳು ಏಳುತ್ತಿತ್ತು. ಆದರೆ ಆ ಮಣ್ಣು ಇನ್ನೂ ತಣ್ಣಗೆ, ಒದ್ದೆಯಾಗಿತ್ತು.

ಅವತ್ತು ಅವರ ಅಂಗೈಯಲ್ಲಿದ್ದ ಆ ಒದ್ದೆ ಮಣ್ಣು ನನ್ನ ತಲೆಯಿಂದ ಹೋಗೇ ಇಲ್ಲ. ಜೀಪಿಗೆ ಪಟ್ಟಿ ಕೊಟ್ಟು ವೆಲ್ಡಿಂಗ್ ಮಾಡಿಸಿದ ಮೇಲೆ ಚಿಕ್ಕಪ್ಪನಿಗೆ ಅದರ ಮೇಲಿನ ಆಸೆಯೇ ಹೋಯಿತು. ನನಗೆ ಕೊಟ್ಟರು. ಅಂದಿನಿಂದ ನಾನು ಗಾಡಿ ತೊಳೆಯುವುದು ಅಂದರೆ ಮೊದಲು ಕೆಳಗೆ, ಆಮೇಲೆ ಸಮಯ ಉಳಿದರೆ ಮೇಲೆ.

ಮಲೆನಾಡಿನ ಮಣ್ಣಿನ ಬಗ್ಗೆ ಸ್ವಲ್ಪ ಹೇಳಬೇಕು, ಯಾಕಂದ್ರೆ ಇದು ಎಲ್ಲಾ ಮಣ್ಣಿನ ಹಾಗಲ್ಲ. ಫ್ರಾನ್ಸಿಸ್ ಬುಕಾನನ್ ಅಂತ ಒಬ್ಬರು ವೈದ್ಯರಿದ್ದರು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಎಲ್ಲಾ ಸುತ್ತಿದರು. ಕೇರಳದ ಅಂಗಾಡಿಪುರಂ ಹತ್ತಿರ ಜನ ನೆಲದಿಂದ ಮೆತ್ತನೆಯ ಕಲ್ಲನ್ನು ಕಬ್ಬಿಣದ ಆಯುಧದಲ್ಲಿ ಕತ್ತರಿಸಿ ತೆಗೆಯುವುದನ್ನು ಕಂಡರು. ತೆಗೆಯುವಾಗ ಮೆತ್ತಗೆ, ಗಾಳಿಗಿಟ್ಟರೆ ಇಟ್ಟಿಗೆಯಷ್ಟು ಗಟ್ಟಿ. 1807ರಲ್ಲಿ ಅಚ್ಚಾದ ತಮ್ಮ ಪ್ರವಾಸದ ವರದಿಯಲ್ಲಿ ಅದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ಲೇಟರ್ ಅಂದರೆ ಇಟ್ಟಿಗೆ. ನಾವು ಜಂಬಿಟ್ಟಿಗೆ ಅನ್ನುವುದೂ ಅದನ್ನೇ, ಕರಾವಳಿಯವರು ಮುರಕಲ್ಲು ಅನ್ನುತ್ತಾರೆ. ನಮ್ಮ ತೋಟದ ದಾರಿಯ ಕೆಮ್ಮಣ್ಣು ಆ ಜಾತಿಗೇ ಸೇರಿದ್ದು. ಕಬ್ಬಿಣದ ತುಕ್ಕೇ ಅದರ ಕೆಂಪು. ಅದರಲ್ಲಿ ಬೆರೆತ ಜೇಡಿಯ ಕಣ ಎಷ್ಟು ಸಣ್ಣದು ಅಂದರೆ, ಒಂದು ಮಿಲಿಮೀಟರನ್ನು 500 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗಿಂತ ಚಿಕ್ಕದು. ಒದ್ದೆಯಿದ್ದಾಗ ಇದು ಎಲ್ಲಾ ಸಂದಿಗೂ ನುಗ್ಗುತ್ತದೆ. ನೀರು ಆರುತ್ತಾ ಹೋದ ಹಾಗೆ ಕಣಗಳು ಒಂದಕ್ಕೊಂದು ಎಳೆದುಕೊಂಡು ಬಿಗಿಯುತ್ತವೆ. ಸೈಲೆನ್ಸರ್ ಪೈಪಿನ ಪಕ್ಕದಲ್ಲಾದರೆ ಮೇಲಿಂದ ಕಾವು ಬೇರೆ. ಅಲ್ಲಿ ಕೂತ ಮಣ್ಣನ್ನು ಉಗುರಿನಿಂದ ಕೆರೆದು ನೋಡಿ, ಉಗುರೇ ಹೋಗುತ್ತದೆ.

ಹಾವೇರಿ, ಗದಗ ಕಡೆಯ ಎರೆ ಮಣ್ಣು ಬೇರೆ ತರ. ನೀರು ಕುಡಿದು ಉಬ್ಬುತ್ತದೆ, ಚಕ್ರಕ್ಕೆ ಮಣಗಟ್ಟಲೆ ಅಂಟಿ ಗಾಡಿಯನ್ನೇ ನಿಲ್ಲಿಸುತ್ತದೆ, ಆದರೆ ಒಣಗಿದಾಗ ಬಿರುಕು ಬಿಟ್ಟು ಹೆಂಟೆ ಹೆಂಟೆಯಾಗಿ ಉದುರುತ್ತದೆ. ನಮ್ಮದು ಉದುರುವುದಿಲ್ಲ.

ಇಲ್ಲಿ ಒಂದು ಮಾತು. ಕಲೆ ಬೇರೆ, ಮಣ್ಣು ಬೇರೆ. ಇದು ನನಗೆ ಗೊತ್ತಾಗಲು ಎರಡು ಮಳೆಗಾಲ ಬೇಕಾಯಿತು. ಮೊದಲ ವರ್ಷ ನಾನು ಕಲೆಯ ಹಿಂದೆ ಬಿದ್ದಿದ್ದೆ. ಚಾಸಿಯ ಕಪ್ಪು ಬಣ್ಣದ ಮೇಲೆ ಕೆಂಪು ಛಾಯೆ ಉಳಿದಿದೆಯಲ್ಲ ಅಂತ ತಂತಿ ಬ್ರಷ್ ಹಿಡಿದು ಉಜ್ಜಿದ್ದೇ ಉಜ್ಜಿದ್ದು. ಕಲೆ ಹೋಯಿತು. ಜೊತೆಗೆ ಬಣ್ಣವೂ ಹೋಯಿತು. ಮುಂದಿನ ಜುಲೈಗೆ ಅದೇ ಜಾಗದಲ್ಲಿ ನಿಜವಾದ ತುಕ್ಕು ಬಂತು. ಬಣ್ಣಕ್ಕೆ ಹತ್ತಿದ ಕೆಂಪಿನಿಂದ ಲೋಹಕ್ಕೆ ಯಾವ ತೊಂದರೆಯೂ ಇಲ್ಲ, ಅದನ್ನು ಹಾಗೇ ಬಿಡಿ. ತೆಗೆಯಬೇಕಾದ್ದು ದಪ್ಪ ಮಣ್ಣನ್ನು, ಅದೂ ಕಣ್ಣಿಗೆ ಕಾಣದ ಜಾಗದ್ದನ್ನು. ಬಾಡಿಯ ಮೇಲೆ ಕಾಣುವ ಜಾಗದಲ್ಲಿ ಕಲೆ ಹೋಗಲೇಬೇಕು ಅಂದರೆ ನಿಂಬೆ ರಸದಂಥ ಮೆದು ಹುಳಿಯನ್ನು ಬಟ್ಟೆಗೆ ಹಚ್ಚಿ ಒರೆಸಿ, ಐದು ನಿಮಿಷದೊಳಗೆ ನೀರಿನಲ್ಲಿ ತೊಳೆದುಬಿಡಿ. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಗಾಡಿಯ ಹತ್ತಿರಕ್ಕೂ ತರಬೇಡಿ. ಅದು ಕಲೆಯ ಜೊತೆ ನಟ್ಟು ಬೋಲ್ಟುಗಳ ಸತುವಿನ ಲೇಪವನ್ನೂ ಅಲ್ಯುಮಿನಿಯಂ ಭಾಗಗಳನ್ನೂ ತಿನ್ನುತ್ತದೆ.

ಕಾಣದ ಜಾಗ ಅಂದೆನಲ್ಲ, ಅವು ಯಾವುವು ಅಂದರೆ, ಚಾಸಿಗೂ ಬಾಡಿಗೂ ನಡುವಿನ ರಬ್ಬರ್ ಬುಷ್ ಸುತ್ತ, ಡೀಸೆಲ್ ಟ್ಯಾಂಕಿನ ಕೆಳಗೆ ಕಟ್ಟಿದ ತಗಡಿನ ಒಳಗೆ, ಗೇರ್‌ಬಾಕ್ಸ್ ಹೊತ್ತಿರುವ ಅಡ್ಡ ಪಟ್ಟಿಯ ಮೇಲ್ಭಾಗದಲ್ಲಿ, ಮಡ್‌ಗಾರ್ಡಿನ ಮಡಚಿದ ಅಂಚಿನಲ್ಲಿ, ಸ್ಪ್ರಿಂಗ್ ಪ್ಲೇಟುಗಳ ನಡುವೆ, ಚಕ್ರದ ರಿಮ್ಮಿನ ಒಳಮೈಯಲ್ಲಿ. ಕೊನೆಯದು ಬೇಗ ಗೊತ್ತಾಗುತ್ತದೆ. ಒಂದು ಚಕ್ರದೊಳಗೆ ಒಂದೇ ಕಡೆ ಮಣ್ಣು ಗಟ್ಟಿಯಾದರೆ ಟಾರ್ ರೋಡಿಗೆ ಹತ್ತಿ ವೇಗ ಏರಿಸಿದ ಕೂಡಲೇ ಸ್ಟಿಯರಿಂಗ್ ನಡುಗುತ್ತದೆ. ಅಲೈನ್‌ಮೆಂಟ್ ಹೋಗಿದೆ ಅಂತ ದುಡ್ಡು ಕೊಡುವ ಮೊದಲು ಒಮ್ಮೆ ಬಗ್ಗಿ ನೋಡಿ. ಉಳಿದವು ಹಾಗೆ ನಡುಗಿ ಹೇಳುವುದಿಲ್ಲ. ಚಾಸಿಯ ಪೆಟ್ಟಿಗೆಯಂಥ ಭಾಗದ ಅಡಿಯಲ್ಲಿ ನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ. ಮಣ್ಣು ಅವನ್ನು ಮುಚ್ಚುತ್ತದೆ. ಒಳಗೆ ಹೋದ ನೀರು ಒಳಗೇ ಉಳಿಯುತ್ತದೆ. ತುಕ್ಕಿಗೆ ಬೇಕಾದ್ದು ನೀರು ಮತ್ತು ಗಾಳಿ, ಎರಡೂ ಅಲ್ಲಿ ಸಿಗುತ್ತವೆ, ಮಳೆ ಮುಗಿದ ಮೇಲೂ. ಜ್ವರದವರ ಹಣೆಗೆ ಒದ್ದೆ ಬಟ್ಟೆ ಇಟ್ಟ ಹಾಗೆ ಆ ಮಣ್ಣು ಕಬ್ಬಿಣಕ್ಕೆ ಒತ್ತಿಕೊಂಡು ಕೂತಿರುತ್ತದೆ. ಚಿಕ್ಕಪ್ಪನ ಜೀಪಿಗೆ ಆಗಿದ್ದೂ ಅದೇ. ವಾರವಾರ ತೊಳೆಸಿದರೂ ಪೈಪು ಆ ತೂತುಗಳ ಕಡೆ ಒಮ್ಮೆಯೂ ತಿರುಗಿರಲಿಲ್ಲ.

ಪೇಟೆಯ ವಾಟರ್ ಸರ್ವಿಸ್ ಬಗ್ಗೆ ನನಗೆ ಕಹಿ ಇದೆ, ಹೇಳಿಬಿಡುತ್ತೇನೆ. ಒಂದು ಕಡೆ ಜೀಪನ್ನು ರ‍್ಯಾಂಪಿಗೆ ಹತ್ತಿಸಿ, ಇಂಜಿನ್ ಇನ್ನೂ ಬಿಸಿಯಿರುವಾಗಲೇ, ಜೋರು ಪ್ರೆಶರಿನ ಗನ್ನನ್ನು ಚಕ್ರದ ನಡುವಿನ ಹಬ್ಬಿನ ಸೀಲಿಗೆ ಒಂದು ಗೇಣು ದೂರದಲ್ಲಿ ಹಿಡಿದು ಹೊಡೆದರು. ಮಣ್ಣು ಹಾರಿಹೋಯಿತು, ನೋಡಲು ಖುಷಿಯಾಯಿತು. ತಿಂಗಳೊಳಗೆ ಹಿಂದಿನ ಚಕ್ರದಿಂದ ಗುಂಯ್ ಅನ್ನುವ ಶಬ್ದ. ಬಿಚ್ಚಿಸಿದರೆ ಬೇರಿಂಗಿನ ಗ್ರೀಸು ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿತ್ತು. ಸೀಲು ಮಳೆ ಕೆಸರನ್ನು ತಡೆಯಲು ಮಾಡಿದ್ದು, ಅಂಥ ಪ್ರೆಶರಿಗೆ ಅಲ್ಲ. ಅಲ್ಲೇ ಇನ್ನೊಂದು ಪ್ರಶ್ನೆ ಕೇಳುತ್ತಾರೆ: "ಅಣ್ಣಾ, ಅಡಿಗೆ ಡೀಸೆಲ್ ಹೊಡೆಯಲಾ?" ಹಳೆ ಇಂಜಿನ್ ಆಯಿಲ್ಲೂ ಹೊಡೆಯುತ್ತಾರೆ. ಒಂದು ದಿನ ಕಪ್ಪಗೆ ಮಿಂಚುತ್ತದೆ ನಿಜ. ಆದರೆ ರಬ್ಬರ್ ಬುಷ್‌ಗಳು ಡೀಸೆಲ್ ಕುಡಿದು ಉಬ್ಬಿ ಮೆತ್ತಗಾಗುತ್ತವೆ, ಎಣ್ಣೆ ಪಸೆಗೆ ಧೂಳು ಇನ್ನೂ ಜಾಸ್ತಿ ಹಿಡಿಯುತ್ತದೆ, ಮುಂದಿನ ಮಳೆಗೆ ಆ ಎಣ್ಣೆಯೆಲ್ಲ ಹಳ್ಳಕ್ಕೆ ಇಳಿಯುತ್ತದೆ. ಬೇಡ ಅಂತ ಹೇಳಿ ಬನ್ನಿ.

ನಾನು ಮಾಡುವುದು ಹೀಗೆ. ಗಾಡಿ ತಣ್ಣಗಾಗಲಿ. ಕಾದ ಬ್ರೇಕ್ ಡ್ರಮ್ಮಿಗೂ ಸೈಲೆನ್ಸರಿಗೂ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಆಮೇಲೆ ನೆನೆಸುವುದು. ಇದೇ ಅರ್ಧ ಕೆಲಸ, ಇದನ್ನೇ ಎಲ್ಲರೂ ಬಿಡುವುದು. ತರಕಾರಿ ಸಾಲಿಗೆ ಇಡುವ ಸಣ್ಣ ಸ್ಪ್ರಿಂಕ್ಲರ್ ಇದೆಯಲ್ಲ, ಅದನ್ನು ಜೀಪಿನ ಅಡಿಗೆ, ಗೇರ್‌ಬಾಕ್ಸಿನ ನೇರಕ್ಕೆ ಇಟ್ಟು ನೀರು ಬಿಟ್ಟು ಕಾಫಿ ಕುಡಿಯಲು ಹೋಗುತ್ತೇನೆ. ಅರ್ಧ ಗಂಟೆಯಾದ ಮೇಲೆ ಹಿಂದಿನ ಆ್ಯಕ್ಸಲ್ ಕಡೆಗೆ ಸರಿಸುತ್ತೇನೆ. ಕಾಫಿಗೆ ಹೂಮಳೆ ಕೈಕೊಟ್ಟ ವರ್ಷ ನಾವು ಸ್ಪ್ರಿಂಕ್ಲರ್ ಹಾಕುವುದಿಲ್ವಾ, ಅದೇ ಲೆಕ್ಕ: ಜೋರಾಗಿ ಹೊಡೆಯುವುದಲ್ಲ, ನಿಧಾನಕ್ಕೆ ಕುಡಿಸುವುದು. ಬಂದು ನೋಡುವಷ್ಟರಲ್ಲಿ ಹೆಂಟೆಗಳು ತಮ್ಮಷ್ಟಕ್ಕೆ ಜಾರಿ ಬೀಳುತ್ತಿರುತ್ತವೆ. ಆ ತೊಪ್ ತೊಪ್ ಶಬ್ದ ಕೇಳಲು ನನಗೆ ಬಹಳ ಇಷ್ಟ.

ಉಳಿದದ್ದಕ್ಕೆ ಬಿದಿರಿನ ದಬ್ಬೆ. ಒಂದು ಮೊಳ ಉದ್ದ, ತುದಿಯನ್ನು ಉಳಿಯ ಹಾಗೆ ಹೆರೆದದ್ದು. ಬಿದಿರು ಮಣ್ಣನ್ನು ಎಬ್ಬಿಸುತ್ತದೆ, ಬಣ್ಣವನ್ನು ಗೀರುವುದಿಲ್ಲ. ಸವೆದರೆ ಕತ್ತಿಯಲ್ಲಿ ಮತ್ತೆ ಚೂಪು ಮಾಡಿದರಾಯಿತು. ಸ್ಪ್ರಿಂಗ್ ಪ್ಲೇಟಿನ ಸಂದಿಗೆ, ಮಡ್‌ಗಾರ್ಡಿನ ಅಂಚಿಗೆ ಇದಕ್ಕಿಂತ ಒಳ್ಳೆಯ ಸಾಮಾನು ನನಗಂತೂ ಸಿಕ್ಕಿಲ್ಲ. ಚಾಸಿಯ ತೂತುಗಳಿಗೆ ಮೊದಲು ದಪ್ಪ ತಂತಿ ಆಡಿಸಿ, ಆಮೇಲೆ ಮೇಲಿನ ತೂತಿನಿಂದ ಪೈಪು ಹಾಕಿ ಕೆಳಗಿನಿಂದ ತಿಳಿನೀರು ಬರುವ ತನಕ ಬಿಡುತ್ತೇನೆ. ಮೊದಲು ಬರುವುದು ರಾಗಿ ಗಂಜಿಯಷ್ಟು ಮಂದ. ಹತ್ತು ನಿಮಿಷವಾದರೂ ಬೇಕು ತಿಳಿಯಾಗಲು. ರೇಡಿಯೇಟರಿನ ಸಂದಿಗಳಿಗೆ ಇಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಡಬೇಕು, ಮುಂದಿನಿಂದ ಹೊಡೆದರೆ ಮಣ್ಣು ಇನ್ನೂ ಒಳಕ್ಕೇ ಹೋಗುತ್ತದೆ.

ಕೆಳಗೆ ಮಲಗುವ ಮೊದಲು ಚಕ್ರಗಳಿಗೆ ಕಲ್ಲು ಕೊಡಿ. ಬರೀ ಜಾಕಿಯನ್ನು ನಂಬಿ ಯಾವ ಕಾರಣಕ್ಕೂ ಗಾಡಿಯಡಿ ಹೋಗಬೇಡಿ. ನೆನೆದ ನೆಲದಲ್ಲಿ ಜಾಕಿ ಕೂತುಬಿಡುತ್ತದೆ. ಸ್ಟ್ಯಾಂಡ್ ಬೇಕು, ಸ್ಟ್ಯಾಂಡಿನಡಿ ಹಲಗೆ ಬೇಕು.

ಇನ್ನೊಂದು ಎಚ್ಚರಿಕೆ, ಇದು ತೋಟದವರಿಗೆ. ನಮ್ಮಲ್ಲಿ ಬಹಳ ಜನ ಮದ್ದು ಹೊಡೆಯುವ ಪಂಪಿನಲ್ಲೇ ಜೀಪು ತೊಳೆಯುತ್ತಾರೆ. ನಾನೂ ತೊಳೆಯುತ್ತೇನೆ, ಪ್ರೆಶರ್ ತಗ್ಗಿಸಿದರೆ ಒಳ್ಳೆಯ ಪಂಪು ಅದು. ಆದರೆ ಅದರಲ್ಲಿ ಕೊಳೆರೋಗದಂಥದ್ದಕ್ಕೆ ಹಾಕುವ ಬೋರ್ಡೋ ಮದ್ದು ಹೊಡೆದು ಬಂದಿದ್ದರೆ ಮೊದಲು ಪಂಪು, ಪೈಪು, ಗನ್ನು ಮೂರನ್ನೂ ಚೆನ್ನಾಗಿ ತೊಳೆಯಿರಿ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಅಡಿಕೆಯವರಿಗೂ ಕಾಫಿಯವರಿಗೂ ಬಾಯಿಪಾಠ. ಸುಣ್ಣ ಸಾಕಾಗಿದೆಯಾ ಅಂತ ನೋಡಲು ಅಪ್ಪ ಮಿಂಚುವ ಕತ್ತಿಯ ತುದಿಯನ್ನು ಅದರಲ್ಲಿ ಅದ್ದುತ್ತಿದ್ದರು. ತುದಿ ತಾಮ್ರದ ಬಣ್ಣಕ್ಕೆ ತಿರುಗಿದರೆ ಸುಣ್ಣ ಕಡಿಮೆ. ಚಿಕ್ಕವನಿದ್ದಾಗ ಅದು ನನಗೆ ಜಾದೂ ಹಾಗೆ ಕಾಣುತ್ತಿತ್ತು. ಅಲ್ಲಿ ಆಗುವುದೇನು ಅಂದರೆ ಮೈಲುತುತ್ತದಲ್ಲಿರುವ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಅದರ ಬದಲಿಗೆ ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ಕತ್ತಿಗೆ ಆಗುವುದು ಚಾಸಿಗೂ ಆಗುತ್ತದೆ ಅಲ್ವಾ? ಬಣ್ಣ ಎದ್ದ ಜಾಗಕ್ಕೆ ಮೈಲುತುತ್ತದ ನೀರು ಹೋದರೆ ತುಕ್ಕಿಗೆ ನಾವೇ ಬೀಜ ಹಾಕಿದ ಹಾಗೆ.

ನಮ್ಮ ಭಾವ ಕೊಡಚಾದ್ರಿಗೆ ಜೀಪು ಓಡಿಸುತ್ತಾರೆ. ಆ ದಾರಿ ನೋಡಿದವರಿಗೆ ಗೊತ್ತು, ಕಟ್ಟಿನಹೊಳೆಯಿಂದ ಮೇಲೆ ದಾರಿ ಅನ್ನುವುದಕ್ಕಿಂತ ಕಲ್ಲು, ಕೊರಕಲು, ಕೆಸರು ಅನ್ನಬಹುದು. ಅವರ ಜೀಪಿಗೆ ನನ್ನದಕ್ಕಿಂತ ಜಾಸ್ತಿ ವಯಸ್ಸು, ಆದರೂ ಅಡಿ ಗಟ್ಟಿಯಾಗಿದೆ. ಅವರ ಗುಟ್ಟು ಒಂದೇ, ಒಣಗಲು ಬಿಡುವುದಿಲ್ಲ. ಎಷ್ಟೇ ಕತ್ತಲಾಗಿರಲಿ, ಎಮ್ಮೆ ಮೈ ತೊಳೆದ ಹಾಗೆ ಒಂದು ಸುತ್ತು ನೀರು ಹಾಕಿಯೇ ಮಲಗುತ್ತಾರೆ. ಹಸಿಯಿದ್ದಾಗ ಹತ್ತು ನಿಮಿಷದ ಕೆಲಸ, ಒಣಗಿದರೆ ಒಂದು ಭಾನುವಾರ.

ಅವರ ಜೊತೆ ಒಮ್ಮೆ ಟಾರ್ಚ್ ಹಿಡಿದುಕೊಂಡು ಕೆಳಗೆ ಮಲಗಿದ್ದೆ. "ಇಲ್ಲಿ ನೋಡು ಮಾರಾಯ," ಅಂತ ಒಂದು ಬೋಲ್ಟಿನ ಸುತ್ತ ಬೆರಳಿಟ್ಟು ತೋರಿಸಿದರು. ಬೋಲ್ಟಿನ ತಲೆಯಿಂದ ಕೆಳಕ್ಕೆ ಕುಂಕುಮ ಚೆಲ್ಲಿದ ಹಾಗೆ ಸಣ್ಣ ಗೆರೆ. ಮಣ್ಣಲ್ಲ ಅದು, ಬೋಲ್ಟು ಸಡಿಲವಾಗಿ ಅಲುಗಾಡಿ ಉಜ್ಜಿದ ಕಬ್ಬಿಣದ ಪುಡಿ. ಸ್ಪ್ಯಾನರ್ ಹಾಕಿದರೆ ಮುಕ್ಕಾಲು ಸುತ್ತು ತಿರುಗಿತು. ಆ್ಯಕ್ಸಲ್ ಹೌಸಿಂಗಿನ ಮೇಲಿನ ಬ್ರೀದರ್, ಅಂದರೆ ಒಳಗಿನ ಗಾಳಿ ಆಡುವ ಸಣ್ಣ ಕಿಂಡಿ, ಮುಚ್ಚಿದೆಯಾ ಅಂತಲೂ ಅವರೇ ನೋಡಲು ಕಲಿಸಿದ್ದು. ಓಡಿ ಓಡಿ ಕಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಮಣ್ಣಿನಿಂದ ಮುಚ್ಚಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಆಯಿಲ್ ಬಿಚ್ಚಿದರೆ ಹಾಲು ಹಾಕಿದ ಚಹಾದ ಬಣ್ಣ. ಮಣ್ಣಿನಡಿಯಲ್ಲಿ ಇದ್ಯಾವುದೂ ಕಾಣುವುದಿಲ್ಲ. ತೊಳೆದ ಮೇಲೆ ಎಲ್ಲಿ ಎಣ್ಣೆ ಜಿನುಗುತ್ತಿದೆ, ಎಲ್ಲಿ ರಬ್ಬರು ಹರಿದಿದೆ ಎಲ್ಲಾ ಕಣ್ಣೆದುರಿಗೆ. ಭಾವ ಅದಕ್ಕೇ ಬೇರೆಯವರ ಕೈಯಲ್ಲಿ ಗಾಡಿ ತೊಳೆಸುವುದಿಲ್ಲ.

ತೊಳೆದು ಹಾಗೇ ನಿಲ್ಲಿಸಬಾರದು. ಅರ್ಧ ಮೈಲಿ ಓಡಿಸಿ, ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಡ್ರಮ್ಮು ಒಣಗಿಸಿ. ಆಮೇಲೆ ಗ್ರೀಸ್ ಗನ್. ಪ್ರತಿ ನಿಪ್ಪಲಿಗೂ ಹಳೆ ಗ್ರೀಸು, ನೀರು ಬೆರೆತದ್ದು, ಪೂರ್ತಿ ಹೊರಗೆ ಬಂದು ಹೊಸದು ಕಾಣುವ ತನಕ. ಒಂದು ದಿನ ಬಿಟ್ಟು, ಪೂರ್ತಿ ಒಣಗಿದ ಮೇಲೆ ಬಣ್ಣ ಎದ್ದ ಜಾಗಕ್ಕೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹಚ್ಚುವುದು. ಒದ್ದೆಯ ಮೇಲೆ ಹಚ್ಚಿದರೆ ನೀರನ್ನು ಒಳಗಿಟ್ಟು ಬೀಗ ಹಾಕಿದ ಹಾಗೆ.

ಇಷ್ಟು ಜೀಪಿನ ವಿಷಯ. ಆದರೆ ನನಗೆ ಹೆಚ್ಚು ಸಂಕಟ ಕೊಟ್ಟಿದ್ದು ಬೇರೆ.

ಮೂರು ವರ್ಷದ ಹಿಂದೆ ನೆಂಟರೊಬ್ಬರ ತೋಟದಲ್ಲಿ ಕಾಳುಮೆಣಸಿಗೆ ಸೊರಗು ರೋಗ ಬಂದಿತ್ತು. ಆಗಸ್ಟ್ ತಿಂಗಳು. ನೋಡಿಕೊಂಡು ಬರೋಣ ಅಂತ ಹೋದೆ. ಕೆಸರು ದಾರಿ, ಜೀಪು ಎರಡು ಸಲ ಹೂತು ಎದ್ದು ಬಂತು. ವಾಪಸ್ಸು ಬಂದು ಹಾಗೇ ಕೊಟ್ಟಿಗೆ ಪಕ್ಕ, ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಓಕ್ ಮರಗಳ ಹತ್ತಿರ ನಿಲ್ಲಿಸಿದೆ. ಮಳೆ ಹೊಡೆಯುತ್ತಿತ್ತು, ಮಳೆಯೇ ತೊಳೆಯುತ್ತದೆ ಬಿಡು ಅಂದುಕೊಂಡೆ. ಮಳೆ ತೊಳೆಯಿತು. ಕೆಂಪು ನೀರು ಸಣ್ಣ ಕಾಲುವೆಯಾಗಿ ಮರದ ಬುಡಕ್ಕೆ ಹರಿಯಿತು. ಮುಂದಿನ ಮಳೆಗಾಲ ನಮ್ಮ ತೋಟದಲ್ಲಿ ಮೊದಲು ಸೊರಗಿದ ಬಳ್ಳಿಗಳು ಆ ಸಾಲಿನವು. ಎಲೆ ಹಳದಿಯಾಗಿ, ಕೆಲವೇ ವಾರದಲ್ಲಿ ಗೆಣ್ಣು ಗೆಣ್ಣಾಗಿ ಉದುರಿ, ಬರೀ ಮರ ಉಳಿಯಿತು. ಹನ್ನೊಂದು ಬಳ್ಳಿ. ಅಮ್ಮ ನೆಟ್ಟವು.

ಆ ರೋಗದ ಮೂಲ ಫೈಟಾಫ್ತೊರಾ ಅನ್ನುವ ಜೀವಿ. ಅಡಿಕೆಗೆ ಕೊಳೆರೋಗ ತರುವುದೂ ಅದರದೇ ಬಳಗ. ಮಣ್ಣಿನಲ್ಲಿ ಉಳಿಯುತ್ತದೆ, ನೀರಿನ ಪಸೆಯಲ್ಲಿ ಈಜುತ್ತದೆ, ಅಂಟಿದ ಮಣ್ಣಿನ ಜೊತೆ ಊರಿಂದೂರಿಗೆ ಹೋಗುತ್ತದೆ. ಗುಮ್‌ಬೂಟಿನಲ್ಲೂ ಬಂದಿರಬಹುದು, ಗುಡ್ಡದ ನೀರಿನಲ್ಲೂ ಬಂದಿರಬಹುದು. ಆದರೆ ಸಾಲು ಶುರುವಾಗಿದ್ದು ಜೀಪು ನಿಂತ ಜಾಗದಿಂದ. ಅದನ್ನು ನಾನು ಮರೆಯಲಾರೆ.

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಇದೇ ಬಳಗದ ಇನ್ನೊಂದು ಜೀವಿ ಜಾರಾ ಮರದ ಕಾಡುಗಳನ್ನು ಒಣಗಿಸುತ್ತಿದೆ. ಅಲ್ಲಿ ಕಾಡಿನ ಕೆಲವು ಭಾಗಗಳಿಗೆ ಗಾಡಿ ತೆಗೆದುಕೊಂಡು ಹೋಗಲು ಪರವಾನಗಿ ಬೇಕು, ಟೈರಿಗೆ, ಅಡಿಗೆ ಮಣ್ಣು ಅಂಟಿರದ ಹಾಗೆ ತೊಳೆದೇ ಹೋಗಬೇಕು. ನ್ಯೂಜಿಲೆಂಡಿನಲ್ಲಿ ಕೌರಿ ಮರಗಳ ಕಾಡಿಗೆ ಕಾಲಿಡುವ ಮೊದಲು ಬೂಟು ಉಜ್ಜಿ, ಮದ್ದಿನ ನೀರು ಹಾಕಿಕೊಂಡು ಹೋಗಬೇಕು, ದಾರಿಯಲ್ಲೇ ಅದಕ್ಕೆ ಕಟ್ಟೆ ಕಟ್ಟಿಟ್ಟಿದ್ದಾರೆ. ನಮ್ಮಲ್ಲಿ ಕೆಸರು ಮೆತ್ತಿದ ಜೀಪನ್ನು ಹಾಗೇ ಓಡಿಸಿಕೊಂಡು ಹೋಗುವುದೇ ಗತ್ತು. ಸಕಲೇಶಪುರದ ಕೆಸರು ಮಡಿಕೇರಿಗೆ, ಮಡಿಕೇರಿಯದು ಮೂಡಿಗೆರೆಗೆ. ಫೋಟೋಗೆ ಚೆನ್ನಾಗಿರುತ್ತದೆ, ನನಗೂ ಗೊತ್ತು. ಆದರೆ ಯಾರದೋ ಮೆಣಸಿನ ತೋಟದ ನಡುವೆ ನಿಂತು ಆ ಫೋಟೋ ತೆಗೆಯುವಾಗ ಅಡಿಯಿಂದ ಏನು ತೊಟ್ಟಿಕ್ಕುತ್ತಿದೆ ಅಂತ ಒಮ್ಮೆ ಬಗ್ಗಿ ನೋಡಿ, ದಯವಿಟ್ಟು.

ಈಗ ನಾನು ಬೇರೆ ತೋಟಕ್ಕೆ ಹೋದರೆ ಹೊರಡುವ ಮೊದಲು ಅವರ ಗೇಟಿನ ಒಳಗೇ ಟೈರು ಮತ್ತು ಮಡ್‌ಗಾರ್ಡಿನ ಮಣ್ಣನ್ನು ಬಿದಿರಿನಲ್ಲಿ ಕೆರೆದು ಅಲ್ಲೇ ಬಿಟ್ಟು ಬರುತ್ತೇನೆ. ನಮ್ಮ ಮನೆಯಲ್ಲಿ ತೊಳೆಯುವ ಜಾಗವನ್ನೂ ಬದಲಾಯಿಸಿದ್ದೇನೆ. ಮೊದಲು ಹಳ್ಳಕ್ಕೆ ಇಳಿಸಿ ತೊಳೆಯುತ್ತಿದ್ದೆವು, ಊರೆಲ್ಲಾ ಹಾಗೇ ಮಾಡುವುದು. ಈಗ ಗೇಟಿನ ಪಕ್ಕ, ಬಳ್ಳಿಗಳಿಂದ, ಕೆರೆಯಿಂದ ದೂರ, ಜಲ್ಲಿ ಹಾಸಿದ ಒಂದು ಚೌಕ. ಮಣ್ಣು ಅಲ್ಲೇ ನಿಲ್ಲುತ್ತದೆ, ನೀರು ಇಂಗುತ್ತದೆ.

ಹೋದ ಭಾನುವಾರ ಟ್ಯಾಂಕಿನ ಕೆಳಗಿನ ತಗಡನ್ನು ಬಿಚ್ಚಿದೆ. ಇಷ್ಟು ವರ್ಷದಲ್ಲಿ ಅದನ್ನು ಬಿಚ್ಚಿದ್ದು ಎರಡನೇ ಸಲ. ಅದೊಂದರಿಂದಲೇ ಎರಡು ಬಾಂಡ್ಲಿ ಮಣ್ಣು ಬಂತು, ಇಡೀ ಜೀಪಿನಿಂದ ಐದು. ತಗಡಿನ ಮೂಲೆಯಲ್ಲಿ, ಬೆಳಕು ಬೀಳದ ಜಾಗದಲ್ಲಿ, ಒಂದು ಬೀಜ ಮೊಳೆತಿತ್ತು. ದಾರದಷ್ಟು ತೆಳು ದಂಟು, ಬಿಳಿಚಿದ ಎರಡು ಎಲೆ. ಯಾವ ಗಿಡವೋ, ಯಾವ ಊರಿನದೋ. ಅಣ್ಣನ ಮಗ ಅದನ್ನು ಕಿತ್ತು ತಂದು ಅಂಗೈಯಲ್ಲಿಟ್ಟುಕೊಂಡು ಎಲ್ಲರಿಗೂ ತೋರಿಸಿದ.

ಸಂಜೆ ಚಿಕ್ಕಪ್ಪ ಬಂದರು. ಮಂಡಿ ನೋವು, ಈಗ ಅವರು ಜೀಪು ಹತ್ತುವುದೇ ಕಷ್ಟ. ಆದರೂ ಕೋಲು ಪಕ್ಕಕ್ಕಿಟ್ಟು, ಹಿಂದಿನ ಎಡಗಡೆ ಚಕ್ರ ಹಿಡಿದು ಮೆಲ್ಲಗೆ ಕೂತರು. ವೆಲ್ಡಿಂಗ್ ಪಟ್ಟಿಯನ್ನು ಸವರಿದರು. ಅದರ ಕೆಳಗಿನ ತೂತಿಗೆ ಕಿರುಬೆರಳು ಹಾಕಿ, ಒಳಗೆ ತಿರುಗಿಸಿ, ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿದರು.

"ಒಣಗಿದೆ ಕಣೋ," ಅಂದರು.